ಎಂಟಕ್ಕೆ ಎಂಟು ಲಿಂಬೆ

ಜನವರಿ ಹನ್ನೊಂದು, ಭಾನುವಾರ. ಬರೆಯಲು ಕುಳಿತದ್ದು ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಇಂಡಿಯಲ್ಲಿರುವ ಕಾಕಾನ ಮನೆಯ ಪಡಸಾಲೆಯಲ್ಲಿ. ಎದುರಿಗೆ ನಾಲ್ಕು ಗಾಜಿನ ಗ್ಲಾಸುಗಳನ್ನು ತೊಳೆದು ಬೋರಲು ಹಾಕಿದ್ದಾರೆ. ಒಂದನ್ನು ಎತ್ತಿ ಮೂಸಿದೆ: ಲಿಂಬೆಹಣ್ಣಿನ ವಾಸನೆ.

ಖಾಲಿ ಗ್ಲಾಸೊಂದು ಲಿಂಬೆಯಂತೆ ಘಮಗುಟ್ಟುವುದು ಇಷ್ಟುದ್ದ ಬರೆಯುವ ಸಂಗತಿಯೇ ಎಂದು ನೀವು ಕೇಳಬಹುದು. ನಾನೂ ಮೊದಲ ಏಳು ಸಲ ಅದನ್ನು ಬರೆದುಕೊಂಡು ಸುಮ್ಮನಾದವನೇ. ಬರೆದುಕೊಳ್ಳುವುದು ನನ್ನ ಹುಟ್ಟುಗುಣವೋ ಕಸುಬಿನಿಂದ ಅಂಟಿದ ರೋಗವೋ ತಿಳಿಯದು. ಮುದ್ದೇಬಿಹಾಳದಲ್ಲಿ ಮಣ್ಣು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ನಾನು ಸಹಾಯಕ. ಹೊಲಗಳಿಂದ ಬಂದ ಮಣ್ಣನ್ನು ಚೀಲಕ್ಕೆ ತುಂಬಿ, ಚೀಟಿ ಅಂಟಿಸಿ, ಸಂಖ್ಯೆ ಕೊಡುವುದು ನನ್ನ ಕೆಲಸ. ಹಗಲೆಲ್ಲ ಚೀಟಿ ಅಂಟಿಸಿದ ಕೈ ಸಂಜೆ ಸುಮ್ಮನಿರುವುದಿಲ್ಲ. ಹೀಗಾಗಿ ನನ್ನ ದಿನಚರಿಯಲ್ಲಿ ಕ್ಷೌರ ಮಾಡಿಸಿಕೊಂಡ ತಾರೀಖುಗಳಿವೆ, ಬಸ್ಸು ತಡವಾದ ನಿಮಿಷಗಳಿವೆ, ಬಸವನ ಬಾಗೇವಾಡಿಯಲ್ಲಿರುವ ಅವ್ವ ವಾರಕ್ಕೆ ಎಷ್ಟು ಸಲ ನನ್ನ ಮದುವೆಯ ಮಾತು ತೆಗೆದಳೆಂಬ ಲೆಕ್ಕವೂ ಇದೆ. ಸಾಮಾನ್ಯ ವಾರದಲ್ಲಿ ನಾಲ್ಕು ಸಲ. ಹಬ್ಬ ಬಂದ ವಾರದಲ್ಲಿ ಒಂಬತ್ತು.

ಈ ದೋಷವನ್ನು ಗುಣವೆಂದು ಗುರುತಿಸಿದ ಏಕೈಕ ಮನುಷ್ಯ ಕಾಕಾ. ನನ್ನ ಅಪ್ಪನ ತಮ್ಮ. ಮನೆ ಇಂಡಿಯಲ್ಲಿ, ಲಿಂಬೆಯ ತೋಟ ಅಗರಖೇಡದ ಹತ್ತಿರ. ಎರಡು ವರ್ಷದ ಹಿಂದೆ ಒಂದು ದಿನ ನನ್ನನ್ನು ಕರೆಸಿ, ಯಾವುದೋ ಆಸ್ತಿಪತ್ರದ ವಿಷಯ ಹೇಳುವವರಂತೆ ಬಾಗಿಲು ಓರೆ ಮಾಡಿ ಹೇಳಿದರು: “ತಮ್ಮಾ, ಜಗತ್ತಿನ್ಯಾಗ ಎಷ್ಟ ನಮೂನಿ ವಿಸ್ಕಿ ಅದಾವೋ ಅಷ್ಟೂ ರುಚಿ ನೋಡಬೇಕಂತ ಮಾಡೇನಿ. ಕುಡ್ಯಾಕಲ್ಲ, ತಿಳಕೊಳ್ಳಾಕ. ನೀ ಬರಕೊಂತ ಹೋಗು.” ಆ ತನಕ ಕಾಕಾ ಕುಡಿಯುತ್ತಿದ್ದ ಅತ್ಯಂತ ಗಟ್ಟಿಯಾದ ಪೇಯವೆಂದರೆ ಅವರ ಹೆಂಡತಿ, ನನ್ನ ಕಾಕು, ಮಾಡುವ ಚಹಾ. ಅರವತ್ತೊಂದನೆಯ ವಯಸ್ಸಿನಲ್ಲಿ ಈ ಜ್ಞಾನದಾಹ ಎಲ್ಲಿಂದ ಬಂತೆಂದು ನಾನು ಆಗ ಕೇಳಲಿಲ್ಲ. ಹೊಸ ನೋಟುಬುಕ್ಕು ತರುವ ಸಂಭ್ರಮದಲ್ಲಿದ್ದೆ.

ಬಾಟಲಿಗಳ ಜವಾಬ್ದಾರಿ ಸಿಂದಗಿಯ ಸುಬೇದಾರರದು. ಅವರು ಕಾಕಾನ ಸಾಲೆಯ ಗೆಳೆಯ, ಸೈನ್ಯದಿಂದ ನಿವೃತ್ತರು. ದೇಶದ ಮೂಲೆಮೂಲೆಯಲ್ಲಿರುವ ಹಳೆಯ ಜೊತೆಗಾರರು ಅವರನ್ನು ನೋಡಲು ಬರುವಾಗ ಬರಿಗೈಲಿ ಬರುವುದಿಲ್ಲ. ಗ್ಲಾಸುಗಳು ಯಾರ ಮನೆಯಲ್ಲಿ ಕೂಡುತ್ತೇವೋ ಅವರವು, ನೋಟುಬುಕ್ಕು ನನ್ನದು. ಅಳತೆಗೆ ನಾನು ಕೆಮ್ಮಿನ ಔಷಧದ ಮುಚ್ಚಳವನ್ನು ಇಟ್ಟುಕೊಂಡಿದ್ದೆ. ಒಂದು ನಮೂನೆಗೆ ಒಂದು ಮುಚ್ಚಳ. ಇದನ್ನು ಕಂಡು ಸುಬೇದಾರರು ಮೊದಲ ದಿನವೇ, “ಇಂವ ನಮಗ ವಿಸ್ಕಿ ಕುಡಸ್ತಾನೋ ಪೋಲಿಯೋ ಹನಿ ಹಾಕತಾನೋ?” ಎಂದು ಸಿಟ್ಟಾಗಿದ್ದರು.

ಹೀಗೆ ಕಳೆದ ವರ್ಷದ ಕೊನೆಯವರೆಗೆ ನಡೆದ ಬೈಠಕ್‌ಗಳು ಒಟ್ಟು ಹನ್ನೆರಡು, ಎಲ್ಲವೂ ಭಾನುವಾರ ಊಟಕ್ಕೆ ಮೊದಲು. ಇಂಡಿಯಲ್ಲಿ ಎಂಟು, ಸಿಂದಗಿಯಲ್ಲಿ ಮೂರು, ಮುದ್ದೇಬಿಹಾಳದ ನನ್ನ ಬಾಡಿಗೆ ಕೋಣೆಯಲ್ಲಿ ಒಂದು. ಬಸವನ ಬಾಗೇವಾಡಿಯ ಕಾಲಂನಲ್ಲಿ ಸೊನ್ನೆ ಇದೆ. ಅದು ಶರಣರ ನೆಲವೆಂಬ ಗೌರವ ನಮ್ಮ ಮೂವರಿಗೂ ಇತ್ತು. ಅವ್ವ ಅಲ್ಲೇ ಇದ್ದಾಳೆಂಬುದು ಆ ಗೌರವವನ್ನು ಇನ್ನಷ್ಟು ಗಟ್ಟಿಮಾಡಿತ್ತು.

ಹನ್ನೆರಡು ಬೈಠಕ್‌ಗಳಲ್ಲಿ ನಾನು ಕಲಿತದ್ದು ಇಷ್ಟು. ನಮ್ಮ ದೇಶದ ಸಾಧಾರಣ ವಿಸ್ಕಿಯಲ್ಲಿ ಬಹಳಷ್ಟು ಕಬ್ಬಿನ ಕಾಕಂಬಿಯಿಂದ ಬಂದದ್ದಂತೆ. ಮೂಸಿದರೆ ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಬಸ್ಸಿನ ಕಿಟಕಿ ತೆರೆದಂತಾಗುತ್ತದೆ. ಅಮೆರಿಕದವರದು ಹೆಚ್ಚಾಗಿ ಗೋವಿನಜೋಳದ್ದು. ಒಳಗೆ ಸುಟ್ಟು ಕರಿಮಾಡಿದ ಹೊಸ ಪೀಪಾಯಿಯಲ್ಲಿ ಇಡುತ್ತಾರಾದ್ದರಿಂದ, ಬಡಿಗೇರ ಹೊಸ ಬಾಗಿಲು ಕೆತ್ತುವಲ್ಲಿ ಯಾರೋ ಕುಳಿತು ಬೆಲ್ಲದ ಪಾಕ ಮಾಡಿದ ಹಾಗಿರುತ್ತದೆ. ಐರ್ಲೆಂಡಿನವರು ಸಾಮಾನ್ಯವಾಗಿ ಮೂರು ಸಲ ಬಟ್ಟಿ ಇಳಿಸುತ್ತಾರೆ. ಅದು ಗಂಟಲಲ್ಲಿ ಹೊಸ ಅಳಿಯನಂತೆ ಸದ್ದಿಲ್ಲದೆ ಇಳಿಯುತ್ತದೆ. ಸ್ಕಾಟ್ಲೆಂಡಿನದು ಒಂದೇ ಜಾತಿಯೆಂದು ನಾನು ತಿಳಿದಿದ್ದೆ. ಅಲ್ಲಿ ಊರಿಗೊಂದು ಹಟ, ಮನೆಗೊಂದು ಹದ. ಇವೆಲ್ಲವನ್ನೂ ನಾನು ಬಣ್ಣ, ವಾಸನೆ, ರುಚಿ, ನುಂಗಿದ ಮೇಲಿನ ನೆನಪು ಎಂದು ನಾಲ್ಕು ಮನೆ ಹಾಕಿ ತುಂಬಿಸುತ್ತಿದ್ದೆ.

ಆದರೆ ದೇಶ ಯಾವುದಿರಲಿ, ಧಾನ್ಯ ಯಾವುದಿರಲಿ, ವಾಸನೆಯ ಮನೆಯಲ್ಲಿ ಒಂದು ಪದ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು: ಲಿಂಬೆ. ನನಗೆ ಒಂದು ಮಹಾಸಿದ್ಧಾಂತ ಹೊಳೆಯಿತು. ಉತ್ತಮ ವಿಸ್ಕಿಯ ತಳದಲ್ಲೆಲ್ಲ ಒಂದು ಹುಳಿಹಣ್ಣಿನ ಆತ್ಮವಿದೆ, ಅದನ್ನು ಪಾಶ್ಚಾತ್ಯರು ಇನ್ನೂ ಕಂಡುಕೊಂಡಿಲ್ಲ ಎಂಬುದೇ ಅದು. ಹನ್ನೆರಡನೆಯ ಬೈಠಕ್ ಇಂಡಿಯಲ್ಲಿ ಮುಗಿದ ಮೇಲೆ ಎರಡು ಪುಟ ಬರೆದೂ ಬಿಟ್ಟೆ. ಮೂರನೆಯ ಪುಟಕ್ಕೆ ಹೋಗುವ ಮೊದಲು ಊರುವಾರು ಲೆಕ್ಕ ಹಾಕಿದೆ. ಇಂಡಿ: ಎಂಟಕ್ಕೆ ಎಂಟು ಸಲ ಲಿಂಬೆ. ಸಿಂದಗಿ: ಮೂರಕ್ಕೆ ಸೊನ್ನೆ. ಮುದ್ದೇಬಿಹಾಳ: ಒಂದಕ್ಕೆ ಸೊನ್ನೆ. ಆತ್ಮ ವಿಸ್ಕಿಯದಲ್ಲ, ಊರಿನದು. ಕಾಕಾನ ಮನೆಯ ನೀರಿನ ತಂಬಿಗೆ ಮೂಸಿದೆ, ಊಟದ ತಾಟು ಮೂಸಿದೆ, ಏನೂ ಇಲ್ಲ. ವಿಸ್ಕಿಯ ಗ್ಲಾಸು ಮಾತ್ರ ಲಿಂಬೆ.

ನಾನು ಹೀಗೆ ಪಾತ್ರೆಗಳನ್ನು ಒಂದೊಂದಾಗಿ ಮೂಸುತ್ತ ನಿಂತದ್ದನ್ನು ಕಾಕು ಅಡುಗೆಮನೆಯ ಹೊಸ್ತಿಲಿನಿಂದ ನೋಡಿದಳು.

“ಯಾಕೋ, ಬೆಕ್ಕಿನಂಗ ಮೂಸಾಕತ್ತೀಯಲ್ಲ?”

“ಕಾಕು, ಈ ಗ್ಲಾಸು ಏನ ಹಚ್ಚಿ ತೊಳೀತಿ?”

“ಲಿಂಬಿ ಸಿಪ್ಪಿಲೆ ತಿಕ್ಕತೇನಿ. ಲಿಂಬಿ ಬೆಳಿಯೋರ ಮನ್ಯಾಗ ಮತ್ತೇನ ನಾರಬೇಕಪಾ?”

ತಾಟಿಗೆ ಯಾಕಿಲ್ಲ ಎಂದು ಕೇಳುವಷ್ಟರಲ್ಲಿ ಆಕೆ ಒಳಗೆ ಹೋಗಿದ್ದಳು. ನಾನು ಎರಡು ಪುಟದ ಸಿದ್ಧಾಂತಕ್ಕೆ ಅಡ್ಡಗೀಟು ಎಳೆದೆ. ಎಳೆಯುವಾಗಲೇ ಪಕ್ಕದ ಕಾಲಂನ ಮೇಲೆ ಕಣ್ಣು ಬಿತ್ತು. ಅದು ಕಾಕಾ ಹೇಳಿದ ವಾಸನೆಗಳ ಕಾಲಂ. ಜೇನು, ವೆನಿಲ್ಲಾ, ಒಣದ್ರಾಕ್ಷಿ, ಕಿತ್ತಳೆಯ ಸಿಪ್ಪೆ, ಎಲ್ಲವೂ ಇವೆ. ನಲವತ್ತು ವರ್ಷ ಲಿಂಬೆ ಬೆಳೆದ ಮನುಷ್ಯ, ಎಂಟು ಸಲ ಲಿಂಬೆ ತಿಕ್ಕಿದ ಗ್ಲಾಸಿನಲ್ಲಿ ಮೂಗಿಟ್ಟವರು, ಒಂದು ಸಲವೂ ಲಿಂಬೆ ಎಂದಿಲ್ಲ.

ಆಗ ಸಿಂದಗಿಯ ಎರಡನೆಯ ಬೈಠಕ್ ನೆನಪಾಯಿತು. ಮನೆಗೆ ಸುಣ್ಣ ಹೊಡೆಸುವ ಗಡಿಬಿಡಿಯಲ್ಲಿ ಸುಬೇದಾರರು ಒಂದು ಬಾಟಲಿಯನ್ನು ಇನ್ನೊಂದರ ರಟ್ಟಿನ ಡಬ್ಬಿಗೆ ಸೇರಿಸಿದ್ದರು. ಕಾಕಾ ಗ್ಲಾಸು ಮೂಸಿ, ಕನ್ನಡಕ ಏರಿಸಿ, ಡಬ್ಬಿಯ ಕಡೆ ಓರೆಗಣ್ಣು ಹಾಯಿಸಿ, “ಸಮುದ್ರದ ಗಾಳಿ ಬಂತು ನೋಡು,” ಎಂದಿದ್ದರು. ಡಬ್ಬಿ ಸ್ಕಾಟ್ಲೆಂಡಿನ ಕಡಲತಡಿಯದು, ಗ್ಲಾಸಿನಲ್ಲಿದ್ದದ್ದು ಅಮೆರಿಕದ ಗೋವಿನಜೋಳದ್ದು.

“ನೀ ಯಾವಾಗ ಸಮುದ್ರ ನೋಡೀಯೋ?” ಎಂದು ಸುಬೇದಾರರು ಕೇಳಿದಾಗ ಕಾಕಾ, “ಆಲಮಟ್ಟಿ ನೋಡೇನಲ್ಲ, ಅಷ್ಟ ಸಾಕು,” ಎಂದು ಗದರಿದ್ದರು. ಆಗ ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು. ಕಾಕಾ ರುಚಿ ಹೇಳುತ್ತಿರಲಿಲ್ಲ, ಡಬ್ಬಿ ಓದುತ್ತಿದ್ದರು ಎಂಬುದು ನನಗೆ ಹೊಳೆದದ್ದು ಸಿದ್ಧಾಂತಕ್ಕೆ ಗೀಟು ಎಳೆಯುತ್ತ ಕುಳಿತಾಗ.

ಅದೇ ದಿನ ಕಾಕಾನ ಜೊತೆ ತೋಟಕ್ಕೆ ಹೋದೆ. ಗಿಡಗಳು ಹೂ ಹಿಡಿದಿದ್ದವು. ಆ ಘಮಲಿನಲ್ಲಿ ನಿಂತವನಿಗೆ ಯಾವ ದೇಶದ ಬಾಟಲಿಯೂ ಬೇಕಾಗುವುದಿಲ್ಲ. “ಕಾಕಾ, ಖರೇ ಹೇಳ್ರಿ, ನಿಮಗ ವಾಸನಿ ಬರೂದಿಲ್ಲಲ್ಲ?” ಎಂದೆ. ಅವರು ಒಂದು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಕೊರೊನಾ ಬಂದು ಹೋದಾಗಿಂದ ಇಲ್ಲೋ ತಮ್ಮಾ. ತಿಂಗಳೊಪ್ಪತ್ತಿನ್ಯಾಗ ತಿರುಗಿ ಬಂತು ಅಂತ ಎಲ್ಲಾರಿಗೂ ಹೇಳಿಬಿಟ್ಟೆ. ಉಪ್ಪು ಖಾರ ನಾಲಿಗಿಗೆ ತಿಳೀತೈತಿ, ಅದರಾಚೆ ಏನೂ ಇಲ್ಲ. ಇಲ್ಲಿ ನಿಂತರ ನನಗ ಬರೇ ಬಿಸಲ ಕಾಣತೈತಿ.”

“ಕಾಕುಗ ಹೇಳಬೇಕಿತ್ತಲ್ಲ.”

“ಆಕಿ ದಿನಾ ಎರಡೂ ಹೊತ್ತು ‘ಹೆಂಗಾಗೈತ್ರಿ’ ಅಂತ ಕೇಳತಾಳ. ನಾ ದಿನಾ ‘ಭಾರಿ ಆಗೈತಿ’ ಅಂತೇನಿ. ಇಷ್ಟ ವರ್ಷ ಹೊಗಳಿದ್ದೆಲ್ಲಾ ಸುಳ್ಳು ಅಂತ ಗೊತ್ತಾದ್ರ, ನಾಳೆ ಒಲಿ ಮುಂದ ಆಕಿ ಯಾವ ಮನಸಿಲೆ ನಿಂದರ್ತಾಳ? ಬಾಯಿ ಬಿಟ್ಟೀಯಂದ್ರ ನೋಡು ಮತ್ತ.”

ವಿಸ್ಕಿ ಯಾಕೆ ಎಂದು ನಾನು ಕೇಳಬೇಕಾಗಲಿಲ್ಲ. ಲೋಕದ ಅಷ್ಟು ನಮೂನೆಯಲ್ಲಿ ಯಾವುದಾದರೊಂದು ಈ ಮುಚ್ಚಿದ ಬಾಗಿಲನ್ನು ಬಡಿದೀತು ಎಂದು ಅವರು ಹನ್ನೆರಡು ಭಾನುವಾರ ಕಾದಿದ್ದರು. ನಾನು ಪಕ್ಕದಲ್ಲೇ ಕುಳಿತು, ಬಾಟಲಿಗಳ ವಿಷಯ ಎಲ್ಲವನ್ನೂ ಬರೆದುಕೊಂಡು, ಮನುಷ್ಯನಿಗೆ ಒಂದು ಮನೆಯನ್ನೂ ಹಾಕಿರಲಿಲ್ಲ.

ಹದಿಮೂರನೆಯ ಬೈಠಕ್ ಕಳೆದ ಭಾನುವಾರ, ಇಲ್ಲಿಯೇ. ಸುಬೇದಾರರಿಗೆ ಗುಟ್ಟು ತಿಳಿಸಿ, ಸಿಕ್ಕಷ್ಟು ಕಟುವಾದದ್ದನ್ನು ತರಲು ಹೇಳಿದ್ದೆ. ಅವರು ತಂದದ್ದು ಸ್ಕಾಟ್ಲೆಂಡಿನ ಒಂದು ದ್ವೀಪದ್ದು. ಜೌಗು ನೆಲದ ಮಣ್ಣನ್ನು ಕಡಿದು ಒಣಗಿಸಿ, ಅದನ್ನೇ ಉರುವಲು ಮಾಡಿ, ಮೊಳಕೆ ಬಂದ ಜವೆಗೋಧಿಗೆ ಆ ಹೊಗೆ ಕೊಡುತ್ತಾರಂತೆ. ಮಣ್ಣಿನ ಇಲಾಖೆಯವನಾದ ನನಗೆ ಇದು ಮನೆಯ ವಿಷಯ ಕೇಳಿದಂತಾಯಿತು. ಮುಚ್ಚಳ ತೆಗೆದ ಕೂಡಲೇ ಸುಬೇದಾರರು ಮುಖ ಹಿಂಡಿ, “ಗಾಯಕ್ಕ ಹಚ್ಚೂ ಟಿಂಚರ್ ಇದು! ಕುಡದ್ರ ಒಳಗಿನ ಗಾಯ ಮಾಯಬಹುದು,” ಎಂದರು.

ನಾಲ್ಕು ಗ್ಲಾಸುಗಳನ್ನು ಸ್ವತಃ ಬರೀ ನೀರಿನಲ್ಲಿ ಮೂರು ಸಲ ತೊಳೆದೆ. ತಳಕ್ಕೆ ಸಂಖ್ಯೆ ಅಂಟಿಸಿ, ಮೂರನೆಯದಕ್ಕೆ ಹೊಗೆಯದನ್ನೂ ಉಳಿದವಕ್ಕೆ ಹಳೆಯ ನಮೂನೆಗಳನ್ನೂ ಸುರಿದೆ. ಕಾಕಾನ ಕಣ್ಣಿಗೆ ಅವರದೇ ಟವೆಲ್ ಕಟ್ಟಿ, ರಟ್ಟಿನ ಡಬ್ಬಿಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದೆ. ಒಂದನೆಯ ಗ್ಲಾಸಿಗೆ ಕಾಕಾ ಅಭ್ಯಾಸಬಲದಿಂದ “ವೆನಿಲ್ಲಾ” ಎಂದರು. “ಡಬ್ಬಿ ಇಲ್ಲ ಕಾಕಾ,” ಎಂದೆ. ಗ್ಲಾಸು ಕೆಳಗಿಟ್ಟರು. ಎರಡನೆಯದಕ್ಕೆ ಏನೂ ಇಲ್ಲವೆಂದು ತಲೆ ಅಲ್ಲಾಡಿಸಿದರು. ಮೂರನೆಯದನ್ನು ಮೂಗಿನ ಹತ್ತಿರ ಹಿಡಿದವರು ಇಳಿಸಲೇ ಇಲ್ಲ.

“ಯಾರರ ಸೀತನಿ ಸುಡಾಕತ್ತಾರೇನು?”

ಸೀತನಿ ಎಂದರೆ ಹಾಲುಗಾಳಿನ ಜೋಳದ ತೆನೆ; ಚಳಿಗಾಲದಲ್ಲಿ ಹೊಲದಲ್ಲೇ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಕೈಯಲ್ಲಿ ತಿಕ್ಕಿ ತಿನ್ನುವುದು ನಮ್ಮ ಸೀಮೆಯ ರೂಢಿ. ಸುಬೇದಾರರು ಮಾತಾಡಲು ಬಾಯಿ ತೆರೆದರು. ನಾನು ಕೈ ಎತ್ತಿ ತಡೆದು ಹೊರಗೆ ಓಡಿದೆ. ಓಣಿಯ ಎರಡೂ ತುದಿ ನೋಡಿದೆ, ಹಿತ್ತಲು ನೋಡಿದೆ. ಎಲ್ಲಿಯೂ ಬೆಂಕಿಯಿಲ್ಲ. ಒಳಗೆ ಬಂದು ಗ್ಲಾಸುಗಳನ್ನು ಅದಲುಬದಲು ಮಾಡಿದೆ; ಅವರು ಅದನ್ನೇ ಹಿಡಿದು ಸೀತನಿ ಎಂದರು. ಮತ್ತೊಮ್ಮೆ ಬದಲಿಸಿದೆ. ಮೂರಕ್ಕೆ ಮೂರು. ಟವೆಲ್ ಬಿಚ್ಚಿಕೊಳ್ಳಿ ಎಂದರೆ ಕಾಕಾ ಒಲ್ಲೆ ಎಂದು ಎರಡೂ ಕೈಯಲ್ಲಿ ಅದನ್ನು ಕಣ್ಣಿಗೆ ಒತ್ತಿ ಹಿಡಿದರು. ಟವೆಲ್ ಒದ್ದೆಯಾಗತೊಡಗಿತ್ತು. ಅದನ್ನು ಮಾತ್ರ ನಾನು ನೋಟುಬುಕ್ಕಿಗೆ ಹಾಕಲಿಲ್ಲ.

“ಲಿಂಬಿ ಬರೂದಿಲ್ಲೇನ್ರಿ ಹಂಗಾದ್ರ?”

ಹೊಸ್ತಿಲಲ್ಲಿ ಕಾಕು ನಿಂತಿದ್ದಳು. ಯಾವಾಗಿನಿಂದಲೋ ತಿಳಿಯದು. ಕಾಕಾ ಟವೆಲ್ ಕೆಳಗಿಳಿಸಿದರು.

“ಹಾಲ ಹೊತ್ತಿ ಮನಿತುಂಬ ಹೊಗಿ ಆದಾಗ ಪೇಪರ್ ಓದಕೋತ ಕುಂತಿದ್ರಲ್ಲ, ಅವತ್ತ ತಿಳೀತು. ಈ ಗ್ಲಾಸು ಮನಿಗಿ ಬಂದಾಗಿಂದ ಇವಕಷ್ಟ ಲಿಂಬಿ ತಿಕ್ಕಾಕತ್ತೇನಿ. ಒಂದಿನಾರ ‘ಏನಿದು, ಲಿಂಬಿ ನಾರತೈತಿ’ ಅಂತ ನನ್ನ ಬೈತೀರೇನೋ ಅಂತ.”

“ಗೊತ್ತಿದ್ದೂ ದಿನಾ ‘ಹೆಂಗಾಗೈತಿ’ ಅಂತ ಯಾಕ ಕೇಳತಿದ್ದಿ?”

“ನೀವು ಎಷ್ಟ ಚಂದ ಸುಳ್ಳ ಹೇಳತೀರಿ ಅಂತ ನೋಡಾಕ.”

ಸುಬೇದಾರರು ನಕ್ಕ ನಗುವಿಗೆ ಒಂದು ಗ್ಲಾಸು ಉರುಳಿತು, ಒಡೆಯಲಿಲ್ಲ. ನಾನು ನಗಲಿಲ್ಲ, ನನಗೆ ಅವಮಾನವಾಗಿತ್ತು. ನೋಟುಬುಕ್ಕು, ಕಾಲಂ, ಮುಚ್ಚಳ, ಎಲ್ಲ ಇಟ್ಟುಕೊಂಡು ನಾನು ಎಂಟು ಸಲ ಬರೆದು ತಿಳಿಯದ್ದನ್ನು, ಒಂದು ಗೀಟೂ ಎಳೆಯದೆ ಲಿಂಬೆಸಿಪ್ಪೆಯೊಂದರಿಂದಲೇ ಆಕೆ ಎರಡು ವರ್ಷ ಪರೀಕ್ಷಿಸುತ್ತ ಬಂದಿದ್ದಳು.

ಈ ವಾರ ನಾನು ಮುದ್ದೇಬಿಹಾಳದಲ್ಲಿದ್ದಾಗ ಕಾಕು ದಿನಾ ಫೋನು ಮಾಡಿ ವರದಿ ಕೊಟ್ಟಿದ್ದಾಳೆ. ಊದುಬತ್ತಿಯ ಹೊಗೆ: ಆರು ದಿನದಲ್ಲಿ ಮೂರು ದಿನ ತಿಳಿಯಿತು. ಮಲ್ಲಿಗೆ, ಇಂಗು, ಕೊತ್ತಂಬರಿ: ಸೊನ್ನೆ. ಗುರುವಾರ ಮಧ್ಯಾಹ್ನ ಊಟಕ್ಕೆ ಕುಳಿತ ಕಾಕಾ, “ಒಗ್ಗರಣಿ ಸೀದೈತಲ್ಲ, ಲಕ್ಷ್ಯ ಎಲ್ಲಿ ಇರತೈತಿ ನಿಂದು?” ಎಂದು ಗದರಿದರಂತೆ. ಒಗ್ಗರಣೆ ನಿಜವಾಗಿಯೂ ಸೀದಿತ್ತು. ಮದುವೆಯಾದ ಮೇಲೆ ಬೈಸಿಕೊಂಡು ಇಷ್ಟು ಖುಷಿಪಟ್ಟದ್ದು ಇದೇ ಮೊದಲೆಂದು ಕಾಕು ಹೇಳಿದಳು. ತಾರೀಖು ಬರೆದುಕೋ ಎಂದೂ ಹೇಳಿದಳು. ಬರೆದುಕೊಂಡೆ.

ಈಗ ಹನ್ನೆರಡು ಗಂಟೆ ಐದು ನಿಮಿಷ. ಎದುರಿನ ಗ್ಲಾಸುಗಳಲ್ಲಿ ಒಂದನ್ನು ಕಾಕಾ ತಾವಾಗಿಯೇ ಎತ್ತಿ, ಖಾಲಿಯದನ್ನೇ ಮೂಸಿ, ಸ್ವಲ್ಪ ಹೊತ್ತು ಯೋಚಿಸಿ, ಇಲ್ಲವೆಂದು ತಲೆಯಾಡಿಸಿ ಇಟ್ಟರು. ಕಾಕು ಒಳಗಿನಿಂದ ಇಣುಕಿ ನೋಡಿ, ಏನೂ ಕೇಳದೆ, ಗ್ಲಾಸು ತೆಗೆದುಕೊಂಡು ಹೋಗಿ ಇನ್ನೊಂದು ಸಲ ತಿಕ್ಕತೊಡಗಿದ್ದಾಳೆ. ಹೊಗೆಯಿಂದ ಲಿಂಬೆಯವರೆಗೆ ಇನ್ನೆಷ್ಟು ದೂರವಿದೆ, ನಡುವೆ ಯಾವ ದೇಶದ ಯಾವ ಬಾಟಲಿಯನ್ನು ಇಟ್ಟರೆ ಮೂಗು ಒಂದೊಂದೇ ಹೆಜ್ಜೆ ಮುಂದೆ ಬಂದೀತು ಎಂಬುದು ನಮ್ಮ ನಾಲ್ವರಲ್ಲಿ ಯಾರಿಗೂ ಗೊತ್ತಿಲ್ಲ. ಬಲ್ಲವರು, ಅನುಭವವಿದ್ದವರು ಒಂದು ಸಾಲು ಬರೆದು ತಿಳಿಸಿ. ಕಾಗದವನ್ನು ಮೊದಲು ಕಾಕು ಓದುತ್ತಾಳೆ. ಆದ್ದರಿಂದ ಅಕ್ಷರ ದೊಡ್ಡದಿರಲಿ.