ದಾನಮ್ಮ ಬಿಡಿಸಿದ ಟ್ವೀಟರ್ ಗ್ರಾಫ್

ಇಟ್ಟಮಡುವಿನ ಶಶಿಧರನ ಸ್ಪೀಕರ್ ರಿಪೇರಿ ಅಂಗಡಿಯಲ್ಲಿ ಸುಟ್ಟ ಕಾಯಿಲ್‌ಗಳಿಗೆ ಹೊಸ ತಂತಿ ಸುತ್ತುವವಳು ದಾನಮ್ಮ. ಸುರಪುರದ ಕಡೆಯವಳು. ಬೆಂಗಳೂರಿಗೆ ಬಂದ ಹೊಸದರಲ್ಲಿ ಗಾರ್ಮೆಂಟ್ಸ್‌ನಲ್ಲಿ ಗುಂಡಿ ಹೊಲಿಯುತ್ತಿದ್ದಳು. ಆರು ವರ್ಷದ ಹಿಂದೆ ಇಲ್ಲಿ ಸೇರಿದಳು; ಕೈಗೆ ಕೆಲಸ ಹತ್ತಿದಂತೆ ಬಾಯಿಗೆ ಪ್ರಶ್ನೆಗಳೂ ಹತ್ತಿದವು. 

ಒಂದು ಬೆಳಗ್ಗೆ ಶ್ರೀನಗರದ ಭಜನಾ ಮಂಡಳಿಯ ನಾರಾಯಣಮ್ಮ ಆಟೋದಲ್ಲಿ ಸ್ಪೀಕರ್ ಪೆಟ್ಟಿಗೆ ಹೇರಿಕೊಂಡು ಬಂದರು. ಹಿಂದಿನ ವಾರವಷ್ಟೇ ಶಶಿಧರ ಅದರ ಟ್ವೀಟರ್, ಅಂದರೆ ಕೀಚಲು ಸದ್ದು ಹೊರಡಿಸುವ ಪುಟ್ಟ ಸ್ಪೀಕರ್, ಬದಲಾಯಿಸಿಕೊಟ್ಟಿದ್ದ.

"ಶಶೀ, ನಾನು 'ಶಿವ ಶಿವ' ಅಂದ್ರೆ ಹಾವು ಬುಸುಗುಟ್ದಂಗೆ ಕೇಳುತ್ತೆ ಕಣೋ!"

"ಎರಡು ಕಂಪ್ನಿ ಗ್ರಾಫ್ ನೋಡೇ ತರಿಸಿದ್ದು ಆಂಟಿ. ಗೆರೆ ನೇರ ಇದ್ದಷ್ಟೂ ಸದ್ದು ಚೊಕ್ಕ, ಇದರದ್ದು ಸಖತ್ ನೇರವಾಗಿದೆ. ಇನ್ನೊಂದರದ್ದು ಬರೀ ಏರಿಳಿತ, ಸ್ಯಾಂಪಲ್ ಬಂದಿದ್ರೂ ಮುಟ್ಟಿಲ್ಲ."

ಹಿಂದಿನ ವಾರ ಮೈಕ್ ಹಚ್ಚಿ ನೋಡಿದಾಗ ಆ ಬುಸುಬುಸು ದಾನಮ್ಮನಿಗೂ ಕೇಳಿಸಿತ್ತು. ಕಿವಿ ಒಂದು ಹೇಳುತ್ತಿದೆ, ಕಾಗದ ಇನ್ನೊಂದು. ಯಾವುದು ಸುಳ್ಳು? ನಾರಾಯಣಮ್ಮ ಪೆಟ್ಟಿಗೆ ಬಿಟ್ಟುಹೋದ ಮೇಲೆ ಅವಳು ಎರಡೂ ಗ್ರಾಫ್ ಹರಡಿಕೊಂಡು ಕೂತಳು. ಅಡ್ಡಕ್ಕೆ ಸದ್ದಿನ ಕೀಚಲು ಎಷ್ಟೆಂಬ ಹರ್ಟ್ಜ್, ಎತ್ತರಕ್ಕೆ ಸದ್ದಿನ ಜೋರು ಎಷ್ಟೆಂಬ ಡೆಸಿಬಲ್. ಅಷ್ಟನ್ನು ಶಶಿಧರ ಹಿಂದೆಯೇ ಹೇಳಿಕೊಟ್ಟಿದ್ದ. ಗೆರೆಯ ಮೇಲೆ ಓಡಾಡಿದ ಬೆರಳು ಎಡ ಅಂಚಿನ ಅಂಕಿಗಳಿಗೆ ಬಂದು ನಿಂತಿತು. ನೇರ ಗೆರೆಯದರಲ್ಲಿ ನಲವತ್ತು, ಅರವತ್ತು, ಎಂಬತ್ತು. ಏರಿಳಿತದ ಗೆರೆಯದರಲ್ಲಿ ಎಂಬತ್ತನಾಲ್ಕು, ಎಂಬತ್ತಾರು, ಎಂಬತ್ತೆಂಟು.

"ಸರ, ಇಲ್ಲಿ ಒಂದೊಂದು ಮನಿಗೂ ಇಪ್ಪತ್ತು ಐತಿ, ಅಲ್ಲಿ ಬರೇ ಎರಡು! ಅಳತಿನೇ ಬ್ಯಾರೆ ಅದಾವ ನೋಡ್ರಿ."

ಮೂಲೆ ಅಂಗಡಿಯಿಂದ ಗ್ರಾಫ್ ಹಾಳೆ ತಂದಳು. ಊಟದ ಡಬ್ಬಿ ತೆರೆಯದೆ, ಒಂದೇ ಅಳತೆಯಲ್ಲಿ ಎರಡೂ ಗೆರೆಗಳನ್ನು ಚುಕ್ಕಿ ಚುಕ್ಕಿಯಾಗಿ ಮತ್ತೆ ಬಿಡಿಸಿದಳು. ಏರಿಳಿತ ಎನ್ನಿಸಿದ್ದ ಗೆರೆ ಎರಡು ಡೆಸಿಬಲ್‌ಗಿಂತ ಹೆಚ್ಚು ಅಲುಗಲೇ ಇಲ್ಲ. ನೇರ ಎನ್ನಿಸಿದ್ದು ಏಳು ಸಾವಿರ ಹರ್ಟ್ಜ್ ಹತ್ತಿರ ಏಳು ಡೆಸಿಬಲ್ ಮೇಲಕ್ಕೆ ನೆಗೆಯಿತು. ಅಷ್ಟು ದೊಡ್ಡ ನೆಗೆತ ಕಂಪನಿಯ ಕಾಗದದಲ್ಲಿ ಸಣ್ಣ ಉಬ್ಬಾಗಿ ಅಡಗಿತ್ತು.

ಶಶಿಧರ ಫೋನಿನಲ್ಲಿ ಏಳು ಸಾವಿರ ಹರ್ಟ್ಜ್ ಸದ್ದು ಹಾಕಿದ. ಸ್ಸ್ಸ್ ಎಂಬ ಸೀಟಿ.

"ಇದೇ ರೀ! ಅಕ್ಕಾರು ಹೇಳಿದ ಹಾವು ಇದೇ!"

ಶಶಿಧರ ಕಂಪನಿಯ ಕಾಗದವನ್ನು ಅವಳ ಹಾಳೆಯ ಪಕ್ಕಕ್ಕೆ ಇಟ್ಟ. "ಹದಿನೈದು ವರ್ಷದಿಂದ ಗೆರೆ ಮಾತ್ರ ನೋಡ್ತಿದ್ದೆ ದಾನಮ್ಮ, ಅಂಕಿ ನೋಡೇ ಇಲ್ಲ."

ಸಂಜೆಯೊಳಗೆ ಸ್ಯಾಂಪಲ್ ಟ್ವೀಟರ್ ಪೆಟ್ಟಿಗೆಯೊಳಗೆ ಕೂತಿತು. ಮಾರನೇ ದಿನ ನಾರಾಯಣಮ್ಮ ಮೈಕ್ ಹಿಡಿದು ನಾಲ್ಕು ಸಲ "ಶಿವ ಶಿವ" ಎಂದರು. ಐದನೇ ಸಲ ರಾಗ ಎಳೆದರು. ಎದುರಿನ ಬೇಕರಿಯವರು ಹೊರಗೆ ಬಂದು ನಿಂತರು.

"ಈಗ ನನ್ ಗಂಟ್ಲು ನನಗೆ ಸಿಕ್ತು ನೋಡು," ಎಂದು ನಾರಾಯಣಮ್ಮ ನಕ್ಕರು.

ಅಂದಿನಿಂದ ಯಾವ ಟ್ವೀಟರ್ ತರಿಸುವುದಿದ್ದರೂ ಶಶಿಧರ ಗ್ರಾಫನ್ನು ಮೊದಲು ದಾನಮ್ಮನ ಮುಂದಿಡುತ್ತಾನೆ. ಅವಳಿಗೋ ಹೊಸ ಚಿಂತೆ: ದಪ್ಪ ಗೆರೆಯ ಕೆಳಗೆ ಬಲಕ್ಕೆ ಇಳಿಯುತ್ತ ಹೋಗುವ ಚುಕ್ಕಿ ಗೆರೆ ಯಾಕೆ? "ಸ್ಪೀಕರಿನ ಎದುರು ಬಿಟ್ಟು ಓರೆಯಾಗಿ ಕೂತ್ರೆ ಕೀಚಲು ಹೀಗೆ ಕಮ್ಮಿ ಕೇಳುತ್ತಂತೆ," ಎಂದ ಶಶಿಧರ. ಬರೀ ಮಾತು ಕೇಳಿ ನಂಬುವವಳಲ್ಲ ಅವಳು. ಸ್ಪೀಕರ್ ಹಾಡುತ್ತಿರುವಂತೆಯೇ ಸ್ಟೂಲನ್ನು ಅದರ ಎದುರಿನಿಂದ ಪಕ್ಕದ ಗೋಡೆಯ ಕಡೆಗೆ ಎಳೆದುಕೊಂಡು, ಕಣ್ಣು ಮುಚ್ಚಿ ಕಿವಿಗೊಟ್ಟಳು.