ಹೊಲಿಗೆ ಯಂತ್ರಕ್ಕೆಂದು ಹೊಡೆದ ಮೊಳೆ

ನಮ್ಮ ಮನೆಯ ಹಾಲಿನ ಗೋಡೆಯಲ್ಲಿ ಒಂದು ಖಾಲಿ ಮೊಳೆಯಿದೆ. ಬಂದವರೆಲ್ಲ ಅದನ್ನೇ ನೋಡುತ್ತಾರೆ. ಸುತ್ತಲೂ ನಾನು ಪರಮ ಶ್ರದ್ಧೆಯಿಂದ ಜೋಡಿಸಿರುವ ಚುನಾವಣೆಯ ಬಿಲ್ಲೆಗಳು, ಬಣ್ಣ ಹಾರಿದ ಬಾವುಟಗಳು, ಮತಕ್ಕಾಗಿ ಕೈಮುಗಿದು ನಿಂತ ಕರಪತ್ರಗಳು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಈ ಹವ್ಯಾಸಕ್ಕಿಳಿಯುವ ಮನಸ್ಸು ನಿಮಗಿದ್ದರೆ ಬಿಟ್ಟಿಯಾಗಿ ಒಂದು ಬುದ್ಧಿಮಾತು ಹೇಳುತ್ತೇನೆ. ಗೆದ್ದವರ ಪ್ರಚಾರ ಸಾಮಗ್ರಿ ಕೂಡಿಡಬೇಡಿ, ಅದು ಊರೆಲ್ಲ ಸಿಗುತ್ತದೆ. ಸೋತವರದ್ದನ್ನು ಅವರ ಮನೆಯವರೇ ನೀರೊಲೆಗೆ ಹಾಕಿರುವುದರಿಂದ ಅದೇ ದುರ್ಲಭ. ಇನ್ನೊಂದು, ಬೇಕಾದ ವಸ್ತುವನ್ನು ಅಂಗಡಿಯವನೆದುರು ಕಣ್ಣೆತ್ತಿಯೂ ನೋಡಬೇಡಿ. ಫುಟ್‌ಪಾತಿನಲ್ಲಿ ಅಂಗಿ ಗುಂಡಿ ಮಾರುತ್ತ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸ್ವಂತ ಅಂಗಡಿ ಮಾಡಿಕೊಂಡ ನನಗೆ ಈ ವೈರಾಗ್ಯದ ಅಭಿನಯವೇ ಬಂಡವಾಳ. ಮೊದಲನೆಯ ಸೂತ್ರವನ್ನು ಇಂದಿರಾನಗರದ ಮೂರ್ತಿಯವರಿಗೂ ಉಪದೇಶಿಸಿದ್ದೆ. ನನ್ನನ್ನು ನೋಡಿಯೇ ಈ ಗೀಳು ಹಚ್ಚಿಕೊಂಡ ಅವರು ಚೌಕಾಸಿಯ ಗಂಧವೇ ಇಲ್ಲದ ಸಜ್ಜನರು. ಎರಡನೆಯದನ್ನು ಹೇಳಿಕೊಡಲಿಲ್ಲ, ವ್ಯಾಪಾರದ ಗುಟ್ಟು ನೋಡಿ.

ಹೋದ ತಿಂಗಳು ಶಿವಾಜಿನಗರದ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಬಾಣಲೆಗಳ ಹಿಂದೆ, ಗೋಡೆಗೆ ಚುನಾವಣೆಯ ಚಿಹ್ನೆ ಅಚ್ಚೊತ್ತುವ ತಗಡೊಂದು ಕಂಡಿತು. ಕತ್ತರಿಸಿದ್ದ ಚಿಹ್ನೆ ಹೊಲಿಗೆ ಯಂತ್ರ. ಚಕ್ರ ಕೊಂಚ ಸೊಟ್ಟ. ಹಲಸೂರಿನ ನಮ್ಮ ಗಲ್ಲಿಯ ಟೈಲರ್ ಮಾಸ್ತರರು, ನನ್ನಿಂದ ಗುಂಡಿ ಕೊಂಡ ಮೊದಲ ಗಿರಾಕಿ, ಹಿಂದೊಮ್ಮೆ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡಿದ್ದರು; ಆ ಚುನಾವಣೆಯಲ್ಲಿ ಇದೇ ಸೊಟ್ಟ ಚಕ್ರವನ್ನು ಕಂಡಕಂಡ ಗೋಡೆಗೆ ಒತ್ತಿಹಿಡಿದು ನೀಲಿ ಬಳಿದವನು ನಾನೇ.

ಬಾಣಲೆಯ ಬೆಲೆ ವಿಚಾರಿಸಿ, ತಗಡನ್ನು ಕಾಲಿನಿಂದ ಸರಿಸಿ, “ಇಂಥ ಕಸ ಯಾಕ್ ಇಟ್ಕೊಂಡಿದ್ದೀರಾ ಭಾಯ್?” ಎಂದು ಹೊರಬಿದ್ದೆ. ವಾರ ಬಿಟ್ಟು ಬಂದರೆ ಅರ್ಧ ಬೆಲೆಗೆ ಬೀಳುತ್ತದೆಂಬ ಲೆಕ್ಕಾಚಾರ. ಮನೆಗೆ ಬಂದವನೇ ಮೊಳೆ ಹೊಡೆದೆ.

ವಾರ ಬಿಟ್ಟು ಹೋದರೆ ತಗಡಿಲ್ಲ. “ನೀವೇ ಕಸ ಅಂದ್ರಲ್ಲ ಸಾಬ್! ಇಂದಿರಾನಗರದ್ ಮೂರ್ತಿ ಸಾರ್ ಬಂದ್ರು, ಕೇಳಿದಷ್ಟು ಕೊಟ್ಟು ತಗೊಂಡೋದ್ರು. ಭಾಳ ಒಳ್ಳೇವ್ರು ಪಾಪ” ಎಂದರು ಭಾಯ್. ಆ ‘ಒಳ್ಳೇವ್ರು’ ನನ್ನ ಹೊಟ್ಟೆಯಲ್ಲಿ ಹೊತ್ತಿಸಿದ ಬೆಂಕಿ ಯಾವ ನೀರೊಲೆಗೂ ಕಡಿಮೆಯಿರಲಿಲ್ಲ. ಮೆಟ್ರೊದಲ್ಲಿ ಇಂದಿರಾನಗರ ತಲುಪುವವರೆಗೂ, ಅದು ನಕಲಿಯಾಗಿರಲಿ ದೇವರೇ ಎಂದು ಬೇಡಿಕೊಂಡೆ.

ನಕಲಿಯಾಗಿರಲಿಲ್ಲ. ಸಾಲದೆಂಬಂತೆ ಮೂರ್ತಿಯವರು ತಮ್ಮ ಕಾಂಪೌಂಡ್ ಗೋಡೆಗೆ ಒಂದು ನೀಲಿ ಯಂತ್ರವನ್ನು ಅಚ್ಚೊತ್ತಿಯೂ ಇದ್ದರು. ನನ್ನ ಕಾಲದಲ್ಲಿ ಧಾರಾಳವಾಗಿ ಸೋರುತ್ತಿದ್ದ ಬಣ್ಣ ಇಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಹೇಳಬಾರದೆಂದುಕೊಂಡರೂ ತಡೆಯಲಾರದೆ ಮಾಸ್ತರರ ಕಥೆಯನ್ನೆಲ್ಲ ಹೇಳಿಬಿಟ್ಟೆ. ಕೇಳಿದವರೇ ಹಾಲಿನ ಗೋಡೆಗೆ ತೂಗುಹಾಕಿದ್ದ ತಗಡನ್ನು ಇಳಿಸಿ ನನ್ನೆದುರು ಹಿಡಿದರು. “ಅಯ್ಯೋ, ಹಾಗಾದ್ರೆ ಇದು ನಿಮ್ದೇ ಕಣ್ರೀ! ತಗೊಂಡ್ಹೋಗಿ.”

“ಛೇ, ಬೇಡ ಬಿಡ್ರೀ. ಇಟ್ಕೊಂಡು ನಾನೇನ್ ಮಾಡ್ಲಿ?” ಎಂದಿತು ನನ್ನ ನಾಲಗೆ, ನನ್ನನ್ನು ಕೇಳದೆಯೇ. ನಮ್ಮ ಬೀದಿಯಲ್ಲಿ ಮೊದಲ ‘ಬೇಡ’ ಬರೀ ಪೀಠಿಕೆ. ಎದುರಿನವರು ಮತ್ತೊಮ್ಮೆ ಒತ್ತಾಯಿಸಬೇಕು, ನಾವು ಸೋತವರಂತೆ ಒಪ್ಪಬೇಕು. ನಾನು ಕಾದೆ.

“ಹೌದಾ? ಸರಿ ಹಾಗಾದ್ರೆ” ಎಂದ ಮೂರ್ತಿಯವರು ನನ್ನ ದೊಡ್ಡ ಮನಸ್ಸನ್ನು ಕೊಂಡಾಡುತ್ತ ತಗಡನ್ನು ಮತ್ತೆ ಗೋಡೆಗೆ ತೂಗುಹಾಕಿ, ಕಾಫಿ ತರಲು ಒಳಗೆ ಹೋದರು.

ಮೊಳೆ ಈಗಲೂ ಇದೆ. ಬಂದವರು ಅದನ್ನೇ ದಿಟ್ಟಿಸಿ, “ಇದಕ್ಕೆ ಏನ್ ತೂಗ್ಹಾಕ್ತೀರಾ?” ಎಂದು ಕೇಳುತ್ತಾರೆ. “ಏನಿಲ್ಲ, ಸುಮ್ನೆ” ಎಂದು ಹೇಳಿ ಕಾಯುತ್ತೇನೆ. ಎರಡನೆಯ ಸಲ ಯಾರೂ ಕೇಳುವುದಿಲ್ಲ.