ಬೆಲ್ಗಾಸೆಮನ ಹೆಜ್ಜೆ ಓದಿದ ಧಾವ್

ಧಾವ್ ಬೆನ್ ನಸ್ರ್ ಯಾರ ಬಾಯನ್ನೂ ನಂಬಿದವನಲ್ಲ, ಕಾಲನ್ನು ಮಾತ್ರ ನಂಬಿದವನು. ಮಾರೆತ್ ಊರಿನ ಸುತ್ತಲ ಮರಳುಗಾಡಿನಲ್ಲಿ ಯಾರ ಒಂಟೆ ಕಳೆದರೂ ಅವನಿಗೇ ಕರೆ ಹೋಗುತ್ತಿತ್ತು. ಬೇರೆಯವರು ಸಾಕ್ಷಿ ಹೇಳಬೇಕಾದರೆ ಸಂತರ ಗೋರಿ ಮುಟ್ಟಿ ಆಣೆ ಇಡಬೇಕು. ಹೆಜ್ಜೆ ಓದುವವನಿಗೆ ಆಣೆಯೇ ಇಲ್ಲ. ನಲವತ್ತು ವರ್ಷ ಒಮ್ಮೆಯೂ ತಪ್ಪದ್ದರಿಂದ ಅವನ ತಲೆ ಸ್ವಲ್ಪ ತಿರುಗಿತ್ತು ಅಂತಲೇ ಹೇಳಬೇಕು. ಮಗಳು ಮಬ್ರೂಕಾಳ ಮನೆಗೆ ಹೋದರೂ ಮೊದಲು ಬಾಗಿಲ ಮುಂದಿನ ಮರಳು ನೋಡಿ, "ಯಾರೇ ಬಂದಿದ್ರು?" ಅನ್ನುತ್ತಿದ್ದ. ಅದಕ್ಕೇ ಅವನಿಗೆ ಯಾರೂ ಏನೂ ಹೇಳುತ್ತಿರಲಿಲ್ಲ.

೧೯೪೩ರ ಮಾರ್ಚ್ ಅದು, ಮಹಾಯುದ್ಧದ ಕಾಲ. ಹಳ್ಳದ ಈಚೆ ಜರ್ಮನರು, ಇಟಲಿಯವರು; ಆಚೆ ಇಂಗ್ಲಿಷರು, ಅವರ ಜೊತೆಗೆ ಫ್ರೆಂಚರು, ಇಂಡಿಯಾದವರು. ಕೊನೆಗೆ ಯಾರು ಉಳಿಯುತ್ತಾರೋ ತಿಳಿಯದ ಕಾರಣ, ಯಾರು ಯಾರಿಗೆ ಮೊಟ್ಟೆ ಮಾರಿದರು ಅನ್ನುವುದೂ ಗುಟ್ಟಾಗಿತ್ತು. ಬಾವಿಯ ಹತ್ತಿರ ಹೆಂಗಸರು ಮಾತು ನುಂಗಿ ನೀರು ಸೇದುತ್ತಿದ್ದರು.

ಅಂಥದ್ದರಲ್ಲಿ, ಕಣಿವೆಯಲ್ಲಿ ಬಚ್ಚಿಟ್ಟಿದ್ದ ಹನ್ನೊಂದು ಒಂಟೆಗಳನ್ನು ಇಟಲಿಯವರು ನೆಟ್ಟಗೆ ಬಂದು ಹೊಡೆದುಕೊಂಡು ಹೋದರು. ಯಾರೋ ಹೇಳಿಕೊಟ್ಟಿದ್ದಾರೆ ಎಂದು ಊರೆಲ್ಲ ಕುದಿಯಿತು. ಪಂಗಡದ ಹಿರಿಯ ಶೇಖ್ ತಾಹರ್ ಧಾವ್‌ನನ್ನು ಕರೆಸಿದ.

ಇಟಲಿಯವರ ಡೇರೆಗಳತ್ತ ಹೋದ ಜಾಡು ಒಂದೇ ಇತ್ತು. ಬಲಗಾಲು ತುಸು ಎಳೆದ ನಡಿಗೆ. ಹೋಗುವಾಗ ಆಳ, ಬರುವಾಗ ಹಗುರ. ಧಾವ್ ಒಮ್ಮೆ ಬಗ್ಗಿ ನೋಡಿದ. ಅದು ಅವನ ತಂಗಿಯ ಮಗ ಬೆಲ್ಗಾಸೆಮನ ಹೆಜ್ಜೆ.

"ಬೆಲ್ಗಾಸೆಮ್ ಏನೋ ಹೊತ್ಕೊಂಡು ಹೋಗಿದಾನೆ, ಕೊಟ್ಟು ಬಂದಿದಾನೆ," ಎಂದ. "ಆಡೊಂದು ಇರ್ಬೇಕು. ಉಡುಗೊರೆ."

"ನಿನ್ನ ಅಳಿಯ ಕಣಯ್ಯಾ. ಇನ್ನೊಂದ್ಸಲ ನೋಡು."

"ಕಾಲಿಗೆ ನೆಂಟಸ್ತಿಕೆ ಇಲ್ಲ, ಶೇಖ್."

ಇಷ್ಟು ಹೇಳುವಾಗ ಅವನಿಗೆ ಒಳಗೊಳಗೇ ಜಂಬವೂ ಆಗಿತ್ತು. ನನಗೆ ಇವತ್ತಿಗೂ ಸಿಟ್ಟು ತರಿಸುವುದು ಅದೇ.

ಹತ್ತು ದಿನಕ್ಕೆ ಕಾಳಗದ ದಿಕ್ಕು ಬದಲಾಯಿತು. ಜರ್ಮನರು, ಇಟಲಿಯವರು ಉತ್ತರಕ್ಕೆ ಕಾಲ್ತೆಗೆದರು, ಫ್ರೆಂಚ್ ಅಧಿಕಾರಿ ಬಂದು ಕೂತ. ಬಂದವನ ಮೊದಲ ಪ್ರಶ್ನೆ, ಶತ್ರುವಿಗೆ ಸುದ್ದಿ ಕೊಟ್ಟವರು ಯಾರು ಅಂತ. ಶೇಖ್ ತನ್ನ ಕೊರಳು ಉಳಿಸಿಕೊಳ್ಳಲು ಬೆಲ್ಗಾಸೆಮನ ಹೆಸರು ಕೊಟ್ಟ. ಅವನನ್ನು ಕಟ್ಟಿಹಾಕಿದರು. ಮಾರನೆಯ ದಿನ ಗುಂಡು ಎಂದು ಸುದ್ದಿಯಾಯಿತು.

ಆಗ ಮಬ್ರೂಕಾ ಓಡಿ ಬಂದಳು.

"ಅವನು ಹೊತ್ಕೊಂಡು ಹೋಗಿದ್ದು ಆಡು ಅಲ್ಲ ಅಪ್ಪಾ, ನನ್ನ ಮಗಳು ಝೊಹ್ರಾನ್ನ! ಆಡು ಮೇಯ್ಸೋವಾಗ ನೆಲಬಾಂಬು ಸಿಡಿದು ಕಾಲು ಹೋಗ್ತಿತ್ತು. ಡಾಕ್ಟ್ರು ಇದ್ದಿದ್ದು ಅವ್ರ ಡೇರೆಲೊಂದೇ."

"ಝೊಹ್ರಾ ನಿನ್ನ ಗಂಡನ ಮನೇವ್ರ ಹತ್ರ ಇದಾಳೆ ಅಂದ್ಯಲ್ಲೇ?"

"ಇನ್ನೇನಂತ ಹೇಳ್ಲಿ? ಇಟಲಿಯವರ ಡೇರೆ ಮೆಟ್ಟಿದವರ ಮನೇಲಿ ನೀರೂ ಮುಟ್ಟಲ್ಲ ಅಂದೋನು ನೀನೇ. ಅವ್ಳನ್ನ ಗಾಬೆಸ್ ಆಸ್ಪತ್ರೆಗೆ ಸಾಗಿಸಿದ್ರಂತೆ. ಆ ಡಾಕ್ಟರ ಮುಖ, ಹೆಸರು ಗೊತ್ತಿರೋದು ಬೆಲ್ಗಾಸೆಮ್‌ಗೊಬ್ಬನಿಗೇ. ಅವನು ಸತ್ರೆ ಅವ್ಳನ್ನ ಹುಡ್ಕೋದು ಹೇಗೆ?"

ಒಂಟೆಗಳನ್ನು ಕಂಡದ್ದು ಮೇಲೆ ಸುತ್ತುತ್ತಿದ್ದ ವಿಮಾನ ಎಂದು ಆಮೇಲೆ ತಿಳಿಯಿತು. ಧಾವ್ ಜನ್ಮದಲ್ಲಿ ತಲೆಯೆತ್ತಿ ನೋಡಿದವನಲ್ಲ.

ನಿಜ ಹೇಳಿ ಉಪಯೋಗವಿರಲಿಲ್ಲ. ಡೇರೆಗೆ ಹೋದದ್ದೇ ಅಪರಾಧ. ಅಳಿಯನನ್ನು ಉಳಿಸಲು ಮಾವ ಮೊಮ್ಮಗಳ ಕತೆ ಕಟ್ಟುತ್ತಿದ್ದಾನೆ ಎಂದಾರು. ಆ ಜಾಡು ಬೆಲ್ಗಾಸೆಮನದೇ ಅಲ್ಲ ಎಂದಾಗಬೇಕು, ಅದೊಂದೇ ದಾರಿ. ಧಾವ್ ಅಧಿಕಾರಿಯ ಮುಂದೆ ನಿಂತು, "ನನ್ನ ಕಣ್ಣು ಮಂಜಾಗಿದೆ. ಹೆಜ್ಜೆ ತಪ್ಪಾಗಿ ಓದ್ದೆ," ಎಂದ.

ಅಧಿಕಾರಿ ನಂಬಲಿಲ್ಲ. ಶೇಖ್ ಅಂತೂ ಹುಬ್ಬು ಗಂಟಿಕ್ಕಿದ. "ನಲವತ್ತು ವರ್ಷ ಮಂಜಾಗದ ಕಣ್ಣು ಇವತ್ತೇ ಮಂಜಾಯ್ತಾ? ನೋಡೇಬಿಡೋಣ."

ಧಾವ್‌ನನ್ನು ಬೆನ್ನು ತಿರುಗಿಸಿ ನಿಲ್ಲಿಸಿದರು. ನಾಲ್ವರು ಗಂಡಸರು ಮರಳಿನ ಮೇಲೆ ನಡೆದುಹೋದರು. ಅವರಲ್ಲಿ ಬೆಲ್ಗಾಸೆಮನೂ ಒಬ್ಬ. ಊರಿಗೆ ಊರೇ ನೆರೆದಿತ್ತು.

ಧಾವ್ ಬಗ್ಗಿದ. ಎರಡನೆಯ ಸಾಲಿನಲ್ಲಿ ಎಳೆದ ಬಲಗಾಲು, ತಂಗಿಯ ಗಂಡನಿಂದ ಬಂದ ಅಗಲ ಪಾದ, ಎಲ್ಲ ಹಗಲಿನಷ್ಟು ನಿಚ್ಚಳವಾಗಿತ್ತು. ಅವನು ಅದನ್ನು ದಾಟಿ ನಾಲ್ಕನೆಯ ಸಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬೆರಳಿಟ್ಟು, "ಇದು ಬೆಲ್ಗಾಸೆಮ್," ಎಂದ.

ಅದು ಕ್ಷೌರಿಕ ಸಾದೊಕ್‌ನದು. ಎರಡು ಆಳಿನ ತೂಕದವನು. ಚಿಕ್ಕ ಮಕ್ಕಳಿಗೂ ಗೊತ್ತಾಗುವ ಹೆಜ್ಜೆ.

"ಅಯ್ಯೋ, ನನ್ನ ಹೊಟ್ಟೇನೂ ಕಾಣ್ಲಿಲ್ವೇನಪ್ಪಾ!" ಎಂದ ಸಾದೊಕ್. ಜನ ಬಿದ್ದು ಬಿದ್ದು ನಕ್ಕರು. ಅಧಿಕಾರಿ ಬೇಸತ್ತು ಕೈಬೀಸಿದ, ಬೆಲ್ಗಾಸೆಮನ ಹಗ್ಗ ಬಿಚ್ಚಿದರು.

ಅಂದಿನಿಂದ ಧಾವ್‌ಗೆ ಯಾರೂ ಕರೆ ಕಳಿಸಲಿಲ್ಲ. ಅವನು ಹಿಂದೆ ಕಳ್ಳರೆಂದು ಹೆಸರಿಸಿದ್ದವರೆಲ್ಲ ಈಗ ಎದೆ ಸೆಟೆಸಿ, ನಮಗೂ ಅನ್ಯಾಯವಾಗಿತ್ತು ಎಂದು ಹೇಳಿಕೊಂಡು ತಿರುಗಿದರು. ಅವನಿಗೆ ಅದು ನೋಯಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೇ ತಿಂಗಳಲ್ಲಿ ಉತ್ತರದಲ್ಲಿ ಜರ್ಮನರ, ಇಟಲಿಯವರ ಕೊನೆಯ ಸೈನ್ಯವೂ ಕೈಯೆತ್ತಿ ಶರಣಾಯಿತು. ಅದಾದ ಮೇಲೆ ಬೆಲ್ಗಾಸೆಮ್ ಗಾಬೆಸ್‌ನಿಂದ ಝೊಹ್ರಾಳನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಬಂದ. ಕಾಲು ಉಳಿದಿತ್ತು. ಮಗುವನ್ನು ಇಳಿಸಿದವನೇ ಹಿಂದಿರುಗಿ ಹೊರಟ. ಧಾವ್ ಅವನ ತೋಳು ಹಿಡಿದ.

"ನಿನಗೋಸ್ಕರ ನಾನು ಊರ ಮುಂದೆ ಕುರುಡನಾದೆ ಕಣೋ."

ಬೆಲ್ಗಾಸೆಮ್ ಮೆಲ್ಲಗೆ ತೋಳು ಬಿಡಿಸಿಕೊಂಡ.

"ಗೊತ್ತು ಮಾವ. ಆದ್ರೆ ಮೊದಲನೇ ಸಲ ಸರಿಯಾಗೇ ಕಂಡಿತ್ತಲ್ಲ, ಆಗ ನಮ್ಮನೆ ಹತ್ತು ಹೆಜ್ಜೆ ದೂರ ಇತ್ತು. ಯಾಕೋ ಹೋಗಿದ್ದೆ ಅಂತ ಬಂದು ಒಂದು ಮಾತು ಕೇಳ್ಬಹುದಿತ್ತು."

ಹಾಗೆಂದು ಕತ್ತೆಯ ಹಗ್ಗ ಹಿಡಿದು ನಡೆದುಬಿಟ್ಟ.